ಊಟದ ಜಿಐ ಲೆಕ್ಕ: ಅನ್ನದ ಪಾಲೆಷ್ಟು, ಬೇಳೆಯ ಪಾಲೆಷ್ಟು?

ನಾನು ಮೊದಲ ಸಲ ಒಂದು ಊಟದ ಗ್ಲೈಸೆಮಿಕ್ ಇಂಡೆಕ್ಸ್ (ಜಿಐ, ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಅನ್ನುವ ಅಳತೆ) ಲೆಕ್ಕ ಹಾಕಿದಾಗ ಉತ್ತರ 47 ಬಂತು. ತಟ್ಟೆಯಲ್ಲಿ ಅನ್ನ, ಬೇಯಿಸಿದ ಬೇಳೆ, ಕೊನೆಗೊಂದು ಸೇಬು. ಪಟ್ಟಿಯಲ್ಲಿ ಅನ್ನಕ್ಕೆ 73, ಬೇಳೆಗೆ 32, ಸೇಬಿಗೆ 36 ಅಂತಿತ್ತು. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದೆ. 55 ಅಥವಾ ಅದಕ್ಕಿಂತ ಕಡಿಮೆ ಬಂದರೆ 'ಕಡಿಮೆ ಜಿಐ' ಅಂತ ಓದಿದ್ದೆ. ನಿಶ್ಚಿಂತೆಯಿಂದ ಬಡಿಸಿದೆ.

ಎರಡು ಗಂಟೆ ಬಿಟ್ಟು ನಮ್ಮ ಯಜಮಾನರು ಬೆರಳು ಚುಚ್ಚಿ ಶುಗರ್ ನೋಡಿಕೊಂಡರು. ಮೀಟರ್ 212 ತೋರಿಸಿತು. ಡಾಕ್ಟರ್ ಅವರಿಗೆ ಹಾಕಿಕೊಟ್ಟಿದ್ದ ಗೆರೆ 180.

"ಕಡಿಮೆ ಊಟ ಅಂದೆಯಲ್ಲ, ಮತ್ತೆ ಇದ್ಯಾಕೆ ಹೀಗೆ?" ಅಂದರು.

ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕೂತವಳು ನಾನು. ಉತ್ತರ ಹೊಂದದಿದ್ದರೆ ಎದ್ದು ಹೋಗಲು ಮನಸ್ಸು ಬರುವುದಿಲ್ಲ. ಅವತ್ತು ರಾತ್ರಿ ಕೂತು ನೋಡಿದೆ. ಕೂಡಿದ್ದು ಸರಿ ಇತ್ತು, ಭಾಗಿಸಿದ್ದೂ ಸರಿ ಇತ್ತು. ಆದರೆ ಕೂಡಬಾರದ್ದನ್ನು ಕೂಡಿದ್ದೆ. ಆಗಿನಿಂದ ಈಗ ನಾಲ್ಕು ನೋಟ್‌ಬುಕ್ ತುಂಬಿವೆ. ನಾನು ಲೆಕ್ಕ ಹಾಕುವ ರೀತಿಯನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ. ಮನೆಯಲ್ಲಿ ಶುಗರ್ ಇರುವವರಿಗೆ ಅಡುಗೆ ಮಾಡುವ ಯಾರಿಗಾದರೂ ಇದು ಬೇಕಾಗುತ್ತದೆ.

ಮೊದಲು ಈ ಸಂಖ್ಯೆ ಎಲ್ಲಿಂದ ಬಂತು ಅಂತ ತಿಳಿಯಬೇಕು. ಅದು ತಿಳಿದರೆ ಮುಂದಿನ ಲೆಕ್ಕ ತಾನಾಗಿ ಅರ್ಥವಾಗುತ್ತದೆ. 1981ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಜೊತೆಯವರು 62 ತಿನಿಸುಗಳನ್ನು ಪರೀಕ್ಷಿಸಿ ಈ ಅಳತೆಯನ್ನು ಮುಂದಿಟ್ಟರು. ರಾತ್ರಿಯಿಡೀ ಏನೂ ತಿನ್ನದ ಕೆಲವರಿಗೆ ಬೆಳಿಗ್ಗೆ ಒಂದು ತಿನಿಸು ಕೊಡುತ್ತಾರೆ. ಎಷ್ಟು ಕೊಡಬೇಕು? ಅದರಲ್ಲಿ ಸರಿಯಾಗಿ 50 ಗ್ರಾಂ ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆಯಂಥವು; ಮುಂದೆ ಬರೀ 'ಕಾರ್ಬ್' ಅನ್ನುತ್ತೇನೆ) ಇರುವಷ್ಟು. ಆಮೇಲೆ ಎರಡು ಗಂಟೆಯವರೆಗೆ ಮತ್ತೆ ಮತ್ತೆ ರಕ್ತದ ಗ್ಲೂಕೋಸ್ ನೋಡಿ ಗ್ರಾಫ್ ಬರೆಯುತ್ತಾರೆ. ಇನ್ನೊಂದು ದಿನ ಅದೇ ಜನಕ್ಕೆ 50 ಗ್ರಾಂ ಬರೀ ಗ್ಲೂಕೋಸ್ ಕುಡಿಸಿ ಹಾಗೇ ಗ್ರಾಫ್ ಬರೆಯುತ್ತಾರೆ. ಗ್ಲೂಕೋಸ್‌ನ ಏರಿಕೆಯ ವಿಸ್ತೀರ್ಣವನ್ನು 100 ಅಂತ ಹಿಡಿದರೆ ಈ ತಿನಿಸಿನದು ಎಷ್ಟು? ಅದೇ ಅದರ ಜಿಐ. 55ರವರೆಗೆ ಕಡಿಮೆ, 56ರಿಂದ 69 ಮಧ್ಯಮ, 70 ಮತ್ತು ಮೇಲೆ ಜಾಸ್ತಿ.

ಇಲ್ಲಿ ಗಮನಿಸಬೇಕಾದದ್ದು ಆ 50 ಗ್ರಾಂ. ಅಷ್ಟು ಕಾರ್ಬ್ ಬೇಕೆಂದರೆ ಅನ್ನ ಸುಮಾರು 180 ಗ್ರಾಂ ಸಾಕು. ಬೇಯಿಸಿದ ಬೇಳೆಯಾದರೆ 400 ಗ್ರಾಂ ದಾಟುತ್ತದೆ. ಕಲ್ಲಂಗಡಿಯಾದರೆ ಸುಮಾರು 700 ಗ್ರಾಂ! ಅಂದರೆ ಜಿಐ ಹೇಳುವುದು ಕಾರ್ಬ್ ಎಷ್ಟು ಬೇಗ, ಎಷ್ಟು ಜೋರಾಗಿ ರಕ್ತಕ್ಕೆ ಬರುತ್ತದೆ ಅನ್ನುವುದನ್ನು ಮಾತ್ರ. ನಿಮ್ಮ ತಟ್ಟೆಯಲ್ಲಿ ಕಾರ್ಬ್ ಎಷ್ಟಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದನ್ನು ನಾವೇ ಹೇಳಬೇಕು.

ನನ್ನ ತಪ್ಪು ಅಲ್ಲೇ ಇತ್ತು. ಹಂಡೆ ತುಂಬ ಕುದಿಯುವ ನೀರಿಗೆ ಒಂದು ಚೊಂಬು ತಣ್ಣೀರು ಹಾಕಿ, "ಬಿಸಿಯದೊಂದು, ತಣ್ಣಗಿನದೊಂದು, ಸೇರಿ ಹದವಾಯಿತು" ಅಂತ ಯಾರಾದರೂ ಮೈಮೇಲೆ ಸುರಿದುಕೊಳ್ಳುತ್ತಾರಾ? ಎಷ್ಟು ಬಿಸಿನೀರು, ಎಷ್ಟು ತಣ್ಣೀರು ಅಂತ ನೋಡಬೇಕಲ್ವಾ? ನಮ್ಮ ಊಟದಲ್ಲಿ ಅನ್ನ ಹಂಡೆಯಷ್ಟಿತ್ತು, ಬೇಳೆ ಚೊಂಬಿನಷ್ಟಿತ್ತು. ನಾನು ಎರಡಕ್ಕೂ ಒಂದೇ ಮರ್ಯಾದೆ ಕೊಟ್ಟಿದ್ದೆ.

ಬೇಕಾಗುವ ಸಾಮಾನು ಮೂರೇ. ಗ್ರಾಂ ತೋರಿಸುವ ಅಡುಗೆಮನೆಯ ತೂಕದ ಯಂತ್ರ, ಜಿಐ ಪಟ್ಟಿ, ಮತ್ತು ಪ್ರತಿ 100 ಗ್ರಾಂನಲ್ಲಿ ಎಷ್ಟು ಕಾರ್ಬ್, ಎಷ್ಟು ನಾರು ಇದೆ ಅಂತ ಹೇಳುವ ಪಟ್ಟಿ. ಜಿಐಗೆ ಸಿಡ್ನಿ ವಿಶ್ವವಿದ್ಯಾಲಯದ ಪಟ್ಟಿಯನ್ನು ನಾನು ಹೆಚ್ಚು ನಂಬುತ್ತೇನೆ. 2021ರಲ್ಲಿ ಬಂದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ 4,000ಕ್ಕೂ ಹೆಚ್ಚು ತಿನಿಸುಗಳಿವೆ. ಮೂರರಲ್ಲಿ ಯಾವುದು ಮುಖ್ಯ ಅಂತ ಕೇಳಿದರೆ ತೂಕದ ಯಂತ್ರ ಅನ್ನುತ್ತೇನೆ. ಕಣ್ಣಳತೆಯಲ್ಲಿ 150 ಗ್ರಾಂ ಅಂದುಕೊಂಡ ಅನ್ನ ನಮ್ಮ ಮನೆಯಲ್ಲಿ ನಿಜಕ್ಕೂ 230 ಗ್ರಾಂ ಇತ್ತು.

ಈಗ ಅದೇ ಊಟವನ್ನು ಸರಿಯಾಗಿ ಲೆಕ್ಕ ಹಾಕೋಣ. ಅನ್ನ 200 ಗ್ರಾಂ, ಬೇಯಿಸಿದ ಬೇಳೆ 150 ಗ್ರಾಂ, ಸೇಬು 150 ಗ್ರಾಂ ಅಂತಿಟ್ಟುಕೊಳ್ಳಿ.

ಮೊದಲು ಒಂದೊಂದರ ಕಾರ್ಬ್. ನಾರು ಕಳೆದ ಕಾರ್ಬ್ ಬೇಕು, ಯಾಕೆಂದರೆ ನಾರು ಗ್ಲೂಕೋಸ್ ಆಗಿ ರಕ್ತಕ್ಕೆ ಬರುವುದಿಲ್ಲ. 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ, ಹಾಗಾಗಿ 200 ಗ್ರಾಂಗೆ 56. ಬೇಯಿಸಿದ 100 ಗ್ರಾಂ ಬೇಳೆಯಲ್ಲಿ ಒಟ್ಟು ಸುಮಾರು 20 ಗ್ರಾಂ ಕಾರ್ಬ್, ಅದರಲ್ಲಿ 8 ನಾರು. ಉಳಿದದ್ದು 12. ಅಂದರೆ 150 ಗ್ರಾಂಗೆ 18. ಸೇಬಿನಲ್ಲಿ 100 ಗ್ರಾಂಗೆ ಸುಮಾರು 11.5, ಹಾಗಾಗಿ 150 ಗ್ರಾಂಗೆ 17. ಒಟ್ಟು ಕಾರ್ಬ್ 91 ಗ್ರಾಂ.

ಆಮೇಲೆ ಪ್ರತಿಯೊಂದರ ಜಿಐಯನ್ನು ಅದರ ಕಾರ್ಬ್‌ನಿಂದ ಗುಣಿಸಿ:

ಅನ್ನ: 73 × 56 = 4,088
ಬೇಳೆ: 32 × 18 = 576
ಸೇಬು: 36 × 17 = 612

ಮೂರೂ ಕೂಡಿದರೆ 5,276. ಇದನ್ನು ಒಟ್ಟು ಕಾರ್ಬ್ 91ರಿಂದ ಭಾಗಿಸಿ. 58 ಬರುತ್ತದೆ.

ಇದೇ ಊಟದ ಜಿಐ. 47 ಅಲ್ಲ, 58. 'ಕಡಿಮೆ' ಅಂದುಕೊಂಡದ್ದು 'ಮಧ್ಯಮ'ಕ್ಕೆ ಬಂತು. 91 ಗ್ರಾಂ ಕಾರ್ಬ್‌ನಲ್ಲಿ 56 ಗ್ರಾಂ ಅನ್ನದ್ದೇ. ಮಾತು ನಡೆಯುವುದು ಅದರದೇ.

ಇಷ್ಟಕ್ಕೇ ನಿಲ್ಲಿಸಬೇಡಿ, ಇನ್ನೊಂದು ಸಂಖ್ಯೆ ಬೇಕು. ಆ 5,276ನ್ನು 100ರಿಂದ ಭಾಗಿಸಿ. 53 ಬರುತ್ತದೆ. ಇದಕ್ಕೆ ಗ್ಲೈಸೆಮಿಕ್ ಲೋಡ್ ಅನ್ನುತ್ತಾರೆ. ನಾನು ನೋಟ್‌ಬುಕ್ಕಿನಲ್ಲಿ 'ಹೊರೆ' ಅಂತ ಬರೆಯುತ್ತೇನೆ. ಎಷ್ಟು ಬೇಗ ಅನ್ನುವುದೂ ಎಷ್ಟು ಅನ್ನುವುದೂ ಇದರೊಳಗೆ ಸೇರಿರುತ್ತದೆ. ಒಂದು ತಿನಿಸಿನ ಒಂದು ಪಾಲಿಗೆ ಹೊರೆ 10ರವರೆಗೆ ಇದ್ದರೆ ಕಡಿಮೆ, 20 ಮತ್ತು ಮೇಲಾದರೆ ಜಾಸ್ತಿ ಅಂತ ಲೆಕ್ಕ. ಈ ಮಿತಿ ಪೂರ್ತಿ ಊಟಕ್ಕೆ ಹೇಳಿದ್ದಲ್ಲ. ಊಟದ ಹೊರೆ 53 ಅಂತ ನೋಡಿ ಗಾಬರಿಯಾಗಬೇಡಿ.

ಹೊರೆ ಯಾಕೆ ಬೇಕು ಅಂತ ನನಗೆ ತಿಳಿದದ್ದು ಒಂದು ವಿಚಿತ್ರ ಲೆಕ್ಕದಿಂದ. ಬರೀ ಅನ್ನ 200 ಗ್ರಾಂ ತಿಂದರೆ ಜಿಐ 73, ಹೊರೆ 41. ಅದರ ಜೊತೆ 20 ಗ್ರಾಂ ಸಕ್ಕರೆ ಸೇರಿಸಿ ನೋಡಿ. ಸಕ್ಕರೆಯ ಜಿಐ 65. 4,088ಕ್ಕೆ 1,300 ಸೇರಿಸಿ 76ರಿಂದ ಭಾಗಿಸಿದರೆ 71 ಬರುತ್ತದೆ. ಸಕ್ಕರೆ ಹಾಕಿದ ಮೇಲೆ ಊಟದ ಜಿಐ ಇಳಿಯಿತು! ಲೆಕ್ಕ ತಪ್ಪಲ್ಲ. ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಫ್ರಕ್ಟೋಸ್‌ನ ಜಿಐ ಬರೀ 15ರ ಹತ್ತಿರ. ಅದಕ್ಕೇ ಸಕ್ಕರೆ ಅನ್ನಕ್ಕಿಂತ ಕೆಳಗಿದೆ. ಆದರೆ ಹೊರೆ 41ರಿಂದ 54ಕ್ಕೆ ಏರಿತು. ದೇಹಕ್ಕೆ ನಿಭಾಯಿಸಬೇಕಾದ ಸಕ್ಕರೆ ಜಾಸ್ತಿಯೇ ಆಯಿತು. ಬರೀ ಜಿಐ ನೋಡಿಕೊಂಡು ಕೂತವರು ಇಲ್ಲಿ ಮೋಸ ಹೋಗುತ್ತಾರೆ. ಅದು ನನಗೆ ನಿಜಕ್ಕೂ ಬೇಸರ ತರುವ ವಿಷಯ, ಯಾಕೆಂದರೆ ಅವರು ಕಷ್ಟಪಟ್ಟು ಲೆಕ್ಕ ಹಾಕಿರುತ್ತಾರೆ. ಕಲ್ಲಂಗಡಿಯದು ಇದರ ತಿರುವುಮುರುವು. ಜಿಐ 76, ಕೇಳಿದರೆ ಭಯ. 100 ಗ್ರಾಂ ತಿಂದರೆ ಹೊರೆ ಬರೀ 5. ಎಷ್ಟೋ ಜನ ಸುಮ್ನೆ ಅದನ್ನು ಬಿಟ್ಟುಬಿಡುತ್ತಾರೆ.

ಲೆಕ್ಕ ದಾರಿ ತಪ್ಪುವ ಜಾಗಗಳು ಕೆಲವಿವೆ. ನಾನು ಎಲ್ಲದರಲ್ಲೂ ಒಮ್ಮೆ ಎಡವಿದ್ದೇನೆ.

ಹಸಿ ತೂಕ, ಬೆಂದ ತೂಕ ಬೆರೆಸಬೇಡಿ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 80 ಗ್ರಾಂ ಕಾರ್ಬ್, 100 ಗ್ರಾಂ ಅನ್ನದಲ್ಲಿ 28. ಪಟ್ಟಿಯಲ್ಲಿ ಅಕ್ಕಿಯ ಸಾಲು ನೋಡಿ ತಟ್ಟೆಯ ಅನ್ನಕ್ಕೆ ಗುಣಿಸಿದರೆ ಮೂರು ಪಟ್ಟು ಏರುತ್ತದೆ. ಬೇಳೆಕಾಳಿಗೂ, ಓಟ್ಸ್‌ಗೂ ಇದೇ ಮಾತು.

ಪೊಟ್ಟಣದ ಮೇಲಿನ ಕಾರ್ಬ್ ಸಂಖ್ಯೆಯಲ್ಲಿ ನಾರು ಸೇರಿದೆಯೋ ಇಲ್ಲವೋ ನೋಡಿ. ಅಮೆರಿಕದ ಲೇಬಲ್‌ನಲ್ಲಿ ಸೇರಿರುತ್ತದೆ, ಯುರೋಪಿನದರಲ್ಲಿ ನಾರನ್ನು ಬೇರೆಯಾಗಿ ಬರೆದಿರುತ್ತಾರೆ. ಸೇರಿದ್ದರೆ ಕಳೆಯಿರಿ. ಸೇರಿರದಿದ್ದರೆ ಮತ್ತೆ ಕಳೆಯಬೇಡಿ. ಅನ್ನಕ್ಕೆ ಇದರಿಂದ ದೊಡ್ಡ ವ್ಯತ್ಯಾಸ ಬರುವುದಿಲ್ಲ, ಬೇಳೆಕಾಳಿಗೆ ತುಂಬ ಬರುತ್ತದೆ.

ಪಟ್ಟಿಯ 100 ಯಾವುದು ಅಂತ ಪರೀಕ್ಷಿಸಿ. ಇದು ನನ್ನನ್ನು ತಿಂಗಳುಗಟ್ಟಲೆ ಕಾಡಿತು. ಕೆಲವು ಪಟ್ಟಿಗಳಲ್ಲಿ ಗ್ಲೂಕೋಸ್ ಬದಲು ಬಿಳಿ ಬ್ರೆಡ್‌ಗೆ 100 ಕೊಟ್ಟಿರುತ್ತಾರೆ. ಆಗ ಎಲ್ಲ ಸಂಖ್ಯೆಗಳೂ ಮೇಲೆ ಹೋಗುತ್ತವೆ. ನಾನು ಅರ್ಧ ಇದರಿಂದ, ಅರ್ಧ ಅದರಿಂದ ತೆಗೆದುಕೊಂಡಿದ್ದೆ. ಕಂಡುಹಿಡಿಯುವುದು ಸುಲಭ. ಬಿಳಿ ಬ್ರೆಡ್‌ನ ಸಾಲು ನೋಡಿ. ಅಲ್ಲಿ 70-75 ಇದ್ದರೆ ಗ್ಲೂಕೋಸ್ ಅಳತೆ, 100 ಇದ್ದರೆ ಬ್ರೆಡ್ ಅಳತೆ. ಬ್ರೆಡ್ ಅಳತೆಯ ಸಂಖ್ಯೆಯನ್ನು 0.7ರಿಂದ ಗುಣಿಸಿದರೆ ಹೆಚ್ಚುಕಡಿಮೆ ಗ್ಲೂಕೋಸ್ ಅಳತೆಗೆ ಬರುತ್ತದೆ.

ಮೊಟ್ಟೆ, ಮೀನು, ಮಾಂಸ, ಎಣ್ಣೆ ಇವುಗಳಲ್ಲಿ ಕಾರ್ಬ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇವುಗಳಿಗೆ ಜಿಐ ಇಲ್ಲ. ಲೆಕ್ಕದಿಂದ ಬಿಟ್ಟುಬಿಡಿ. ಸೌತೆಕಾಯಿ, ಸೊಪ್ಪುಗಳನ್ನೂ ನಾನು ಬಿಡುತ್ತೇನೆ. ಆದರೆ ತಟ್ಟೆಯಿಂದ ಬಿಡುವುದಿಲ್ಲ.

ಒಂದೇ ಪಾತ್ರೆಯಲ್ಲಿ ಎಲ್ಲ ಸೇರಿಸಿ ಬೇಯಿಸಿದ್ದಾದರೆ ಏನು ಮಾಡುವುದು ಅಂತ ತುಂಬ ಜನ ಕೇಳುತ್ತಾರೆ. ಇದಕ್ಕೆ ಒಂದು ಒಳ್ಳೆ ದಾರಿ ಇದೆ. ಪಾತ್ರೆಗೆ ಹಾಕುವ ಮುಂಚೆ ಎಲ್ಲವನ್ನೂ ಹಸಿಯಾಗಿ ತೂಗಿ. ಮೊನ್ನೆಯ ಲೆಕ್ಕ ಕೊಡುತ್ತೇನೆ. ಅಕ್ಕಿ 200 ಗ್ರಾಂ, ಕಾರ್ಬ್ 160. ಹಸಿ ಬಟಾಣಿ 100 ಗ್ರಾಂ, ನಾರು ಕಳೆದು ಕಾರ್ಬ್ 9. ಆಲೂಗಡ್ಡೆ 150 ಗ್ರಾಂ, ಕಾರ್ಬ್ 23. ಎಣ್ಣೆಗೆ ಲೆಕ್ಕವಿಲ್ಲ. ಒಟ್ಟು 192. ಅನ್ನಕ್ಕೆ 73, ಬಟಾಣಿಗೆ 50, ಬೇಯಿಸಿದ ಆಲೂಗಡ್ಡೆಗೆ 78 ಹಿಡಿದು ಗುಣಿಸಿ ಕೂಡಿದರೆ 13,924. ಭಾಗಿಸಿದರೆ ಜಿಐ 73.

ಬಟಾಣಿ ಹಾಕಿದ್ದಕ್ಕೆ ಏನಾದರೂ ಇಳಿಯಿತಾ? ಇಲ್ಲ. 192ರಲ್ಲಿ 9 ಗ್ರಾಂ ಎಷ್ಟು ತಾನೇ ಮಾಡಲು ಸಾಧ್ಯ? ತರಕಾರಿ ಸೇರಿಸಿದೆ, ಈಗ ಒಳ್ಳೆಯದಾಯಿತು ಅಂತ ನಾನೂ ನಂಬಿದ್ದೆ. ಲೆಕ್ಕ ಹಾಕಿದ ಮೇಲೆ ಅಕ್ಕಿಯನ್ನೇ ಕಡಿಮೆ ಮಾಡದೆ ದಾರಿಯಿಲ್ಲ ಅಂತ ಕಂಡಿತು.

ಬೆಂದ ಮೇಲೆ ಪಾತ್ರೆ ಸಮೇತ ತೂಗಿ, ಖಾಲಿ ಪಾತ್ರೆಯ ತೂಕ ಕಳೆಯಿರಿ. ನನ್ನ ಪಾತ್ರೆಗಳ ತೂಕವನ್ನು ಒಮ್ಮೆ ನೋಡಿ ಅಡುಗೆಮನೆಯ ಬೀರುವಿನ ಬಾಗಿಲ ಒಳಗೆ ಬರೆದು ಅಂಟಿಸಿದ್ದೇನೆ. ಮೊನ್ನೆ ಒಳಗಿನದು 900 ಗ್ರಾಂ ಬಂತು. ಯಜಮಾನರು ತಿಂದದ್ದು 250. ಪಾತ್ರೆಯ ಪೂರ್ತಿ ಹೊರೆ 139. ಅವರ ಪಾಲಿಗೆ 139 × 250 ÷ 900, ಅಂದರೆ 39. ಜಿಐ ಮಾತ್ರ ಪಾತ್ರೆಯಲ್ಲೂ 73, ತಟ್ಟೆಯಲ್ಲೂ 73. ಎಷ್ಟು ತಿಂದರೂ ಜಿಐ ಬದಲಾಗುವುದಿಲ್ಲ, ಹೊರೆ ಬದಲಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಈ ಸಂಖ್ಯೆಯನ್ನು ತೂಕದ ಕಲ್ಲಿನಂತೆ ನಂಬಬಾರದು. ಅದಕ್ಕೆ ಕಾರಣಗಳಿವೆ. ಅನ್ನ ಅಂದರೆ ಒಂದೇ ಅನ್ನವಲ್ಲ. ಅಕ್ಕಿಯಲ್ಲಿ ಎರಡು ಥರದ ಪಿಷ್ಟ ಇರುತ್ತದೆ, ಅಮೈಲೋಸ್ ಮತ್ತು ಅಮೈಲೋಪೆಕ್ಟಿನ್. ಅಮೈಲೋಸ್ ಜಾಸ್ತಿ ಇದ್ದರೆ ಅನ್ನ ಉದುರಾಗುತ್ತದೆ, ನಿಧಾನವಾಗಿ ಜೀರ್ಣವಾಗುತ್ತದೆ. ಕಡಿಮೆ ಇದ್ದರೆ ಅಂಟಂಟು, ಬೇಗ ಏರುತ್ತದೆ. ಪಟ್ಟಿಗಳಲ್ಲಿ ಅನ್ನದ ಜಿಐ 50ಕ್ಕಿಂತ ಕಡಿಮೆಯಿಂದ ಹಿಡಿದು 90ರ ಆಚೆಗೂ ಇದೆ. 73 ಬರೀ ಸರಾಸರಿ. ನಿಮ್ಮ ಅಕ್ಕಿಯ ತಳಿ ಪಟ್ಟಿಯಲ್ಲಿ ಸಿಕ್ಕರೆ ಅದನ್ನೇ ಹಿಡಿಯಿರಿ.

ಬೇಯಿಸುವ ರೀತಿಯೂ ಸೇರುತ್ತದೆ. ಓಟ್ಸ್ ಗಂಜಿಗೆ 55ರ ಆಸುಪಾಸು, ನಿಮಿಷದಲ್ಲಿ ಆಗುವ ಪುಡಿ ಓಟ್ಸ್‌ಗೆ 79. ಧಾನ್ಯ ಒಂದೇ, ಪುಡಿಯಾದಷ್ಟೂ ಬೇಗ ಕರಗುತ್ತದೆ. ಬೇಯಿಸಿ ತಣ್ಣಗಾಗಿಸಿದ ಆಲೂಗಡ್ಡೆಯಲ್ಲಿ ಪಿಷ್ಟದ ಒಂದು ಭಾಗ ಗಟ್ಟಿಯಾಗಿ ಜೀರ್ಣಕ್ಕೆ ಸಿಗದೆ ಉಳಿಯುತ್ತದೆ. ಬಾಳೆಹಣ್ಣು ಮಾಗಿದಷ್ಟೂ ಪಿಷ್ಟ ಸಕ್ಕರೆಯಾಗುತ್ತದೆ. ಬಣ್ಣ ನೋಡಿ ನಂಬುವ ಅಭ್ಯಾಸ ನನಗಿತ್ತು, ಅದನ್ನು ಬಿಟ್ಟೆ. ಬಿಳಿ ಬ್ರೆಡ್ 75, ಗೋಧಿ ಬ್ರೆಡ್ 74. ನಾರಿಗಾಗಿ ಗೋಧಿಯದನ್ನು ಆರಿಸಿ, ಜಿಐಗಾಗಿ ಅಲ್ಲ.

ಇನ್ನೊಂದು ದೊಡ್ಡ ಕೊರತೆ ಇದೆ. ನಮ್ಮ ಗುಣಾಕಾರದಲ್ಲಿ ಎಣ್ಣೆಗೂ ಮೊಟ್ಟೆಗೂ ಜಾಗವೇ ಇಲ್ಲ. ಆದರೆ ಹೊಟ್ಟೆಯಲ್ಲಿ ಅವು ಸುಮ್ಮನೆ ಕೂರುವುದಿಲ್ಲ. ಕೊಬ್ಬು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಪ್ರೋಟೀನ್ ಇನ್ಸುಲಿನ್ ಹೆಚ್ಚು ಬರುವಂತೆ ಮಾಡುತ್ತದೆ. ಹಾಗಾಗಿ ಇಂಥ ಊಟದಲ್ಲಿ ನಿಜವಾದ ಏರಿಕೆ ಲೆಕ್ಕಕ್ಕಿಂತ ಕಡಿಮೆ ಇರಬಹುದು. ತಿನ್ನುವ ಕ್ರಮವೂ ಲೆಕ್ಕಕ್ಕೆ ಸಿಗುವುದಿಲ್ಲ. ತರಕಾರಿ, ಮೊಟ್ಟೆ ಮೊದಲು ತಿಂದು ಅನ್ನ ಆಮೇಲೆ ತಿಂದರೆ ಏರಿಕೆ ತಗ್ಗುತ್ತದೆ. ನಮ್ಮ ಮನೆಯಲ್ಲಿ ಇದನ್ನು ಮಾಡಿ ನೋಡಿದ್ದೇವೆ, ಮೀಟರ್‌ನಲ್ಲಿ ಕಾಣುತ್ತದೆ. ಹಾಗಂತ ಜಿಐ ಇಳಿಸಲು ಅನ್ನಕ್ಕೆ ಬೆಣ್ಣೆ ಸುರಿಯಬೇಡಿ. ಶುಗರ್ ಇರುವವರಿಗೆ ಹೃದಯದ ಕಾಳಜಿಯೂ ಇರಬೇಕು.

ಹಾಗಾದರೆ ಈ ಲೆಕ್ಕ ಯಾತಕ್ಕೆ? ನಿಮ್ಮದೇ ಎರಡು ಊಟಗಳನ್ನು ಪಕ್ಕಪಕ್ಕ ಇಟ್ಟು ನೋಡಲು. ಅದರಲ್ಲಿ ಇದು ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ. ಮೊದಲಿನ ಊಟಕ್ಕೇ ಬರೋಣ. ಅನ್ನ 200 ಬದಲು 120 ಗ್ರಾಂ, ಬೇಳೆ 150 ಬದಲು 250 ಗ್ರಾಂ, ಸೇಬು ಹಾಗೇ. ಕಾರ್ಬ್ 34, 30, 17. ಒಟ್ಟು 81. ಗುಣಿಸಿ ಕೂಡಿದರೆ 2,482 + 960 + 612 = 4,054. ಜಿಐ 50, ಹೊರೆ 41. ಮೊದಲು 58 ಮತ್ತು 53 ಇತ್ತು. ತಟ್ಟೆ ಮೊದಲಿಗಿಂತ ತುಂಬಿದೆ, ಹೊಟ್ಟೆಯೂ ತುಂಬುತ್ತದೆ. ಒಂದು ತಿನಿಸನ್ನೂ ಕಿತ್ತುಕೊಂಡಿಲ್ಲ. ನನಗೆ ಈ ಲೆಕ್ಕದಲ್ಲಿ ಅತಿ ಇಷ್ಟವಾದದ್ದು ಇದೇ. ಇಂಥದ್ದು ತಿನ್ನಲೇಬೇಡಿ ಅಂತ ಒಬ್ಬರಿಗೆ ದಿನಾ ಹೇಳುವುದು ಹೇಳುವವರಿಗೂ ಸಂಕಟ, ಕೇಳುವವರಿಗೂ ಸಂಕಟ. ಪಾಲು ಬದಲಿಸೋಣ ಅನ್ನುವುದು ಹಾಗಲ್ಲ.

ಎರಡು ಊಟಗಳ ನಡುವೆ ಎರಡು ಮೂರು ಅಂಕ ವ್ಯತ್ಯಾಸ ಬಂದರೆ ನಾನು ಎರಡೂ ಒಂದೇ ಅಂತ ಬರೆದುಕೊಳ್ಳುತ್ತೇನೆ. ಪಟ್ಟಿಯ ಸಂಖ್ಯೆಗಳೇ ಅಷ್ಟು ಗಟ್ಟಿಯಲ್ಲ. ಎಂಟು ಹತ್ತು ಅಂಕ ವ್ಯತ್ಯಾಸ ಬಂದರೆ ಆಗ ಗಮನ ಕೊಡುತ್ತೇನೆ. ಜಿಐಯನ್ನು ದಶಾಂಶದಲ್ಲಿ ಬರೆಯುವುದೇ ಇಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ಸಂಖ್ಯೆ ನೋಡಿಕೊಂಡು ಮಾತ್ರೆಯನ್ನಾಗಲಿ ಇನ್ಸುಲಿನನ್ನಾಗಲಿ ನೀವೇ ಹೆಚ್ಚುಕಡಿಮೆ ಮಾಡಬೇಡಿ. ಊಟದ ಕಾರ್ಬ್ ದಿಢೀರ್ ಕಡಿಮೆ ಮಾಡಿ ಅದೇ ಮಾತ್ರೆ ತೆಗೆದುಕೊಂಡರೆ ಕೆಲವರಿಗೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಪಾಲು ಬದಲಿಸುವ ಮುಂಚೆ ನೋಟ್‌ಬುಕ್ಕನ್ನು ಡಾಕ್ಟರಿಗೆ ತೋರಿಸಿ. ನಾವು ಹಾಗೇ ಮಾಡಿದೆವು.

ನೋಟ್‌ಬುಕ್ಕಿನಲ್ಲಿ ನನ್ನ ಕಾಲಂಗಳು ಹೀಗಿವೆ: ತಿನಿಸು, ಗ್ರಾಂ, ಕಾರ್ಬ್, ಜಿಐ, ಗುಣಿಸಿದ್ದು. ಕೆಳಗೆ ಒಟ್ಟು, ಊಟದ ಜಿಐ, ಹೊರೆ. ಕೊನೆಗೆ ಎರಡು ಖಾಲಿ ಮನೆ. ಒಂದರಲ್ಲಿ ಊಟಕ್ಕೆ ಮುಂಚಿನ ಮೀಟರ್ ಸಂಖ್ಯೆ, ಇನ್ನೊಂದರಲ್ಲಿ ಮೊದಲ ತುತ್ತಿನಿಂದ ಎರಡು ಗಂಟೆ ಆದ ಮೇಲಿನದು. ಊಟ ಮುಗಿದ ಮೇಲಿಂದ ಅಲ್ಲ, ಮೊದಲ ತುತ್ತಿನಿಂದ. ಒಂದೇ ಊಟವನ್ನು ಮೂರು ಬೇರೆ ದಿನ ಬರೆದ ಮೇಲೆ ಮಾತ್ರ ಅದರ ಬಗ್ಗೆ ಏನಾದರೂ ತೀರ್ಮಾನ ಮಾಡುತ್ತೇನೆ. ನಿದ್ದೆ, ನಡಿಗೆ, ಜ್ವರ, ಎಲ್ಲವೂ ಆ ಸಂಖ್ಯೆಯನ್ನು ಅಲುಗಾಡಿಸುತ್ತವೆ.

120 ಗ್ರಾಂ ಅನ್ನದ ಊಟವನ್ನು ಮೂರು ದಿನ ಬರೆದೆ. 171, 164, 176. ಮೂರನೆಯ ದಿನ ಮೀಟರ್ ನೋಡಿದ ಯಜಮಾನರು ಪೆನ್ನು ಇಸಿದುಕೊಂಡು ಆ ಸಂಖ್ಯೆಯನ್ನು ತಾವೇ ಬರೆದರು.